ಗೌರಿಯ ಬದಲು ನಿಂತ ಕೆಂಪಿ

ಉಡುತಡಿಯ ನಿಂಗಮ್ಮನ ಹಸು ಗೌರಿ ವಾರದಿಂದ ಕೆಮ್ಮುತ್ತಿತ್ತು. ದನಗಳ ಕ್ಷಯ ಪರೀಕ್ಷೆಗೆಂದು ಶಿಕಾರಿಪುರದಿಂದ ಬಂದ ಡಾಕ್ಟರ್ ಸುಷ್ಮಿತಾ, ಅದರ ಕುತ್ತಿಗೆಯ ಮೇಲೆ ಅಂಗೈಯಗಲ ಕೂದಲು ಬೋಳಿಸಿ ಸೂಜಿ ಚುಚ್ಚಿದರು.

"ಮೂರು ದಿನ ಬಿಟ್ಟು ಬರ್ತೀನಿ. ಚುಚ್ಚಿದ ಜಾಗ ಊದಿದ್ರೆ ಹಸು ಬೇರೆ ಕಟ್ಬೇಕು, ಹಾಲು ಡೇರಿಗೆ ಹಾಕಂಗಿಲ್ಲ."

ನಿಂಗಮ್ಮನಿಗೆ ಹಾಲಿಗಿಂತ ಮಾನದ ಚಿಂತೆ. ಗೌರಿ ತವರಿನಿಂದ ಬಂದದ್ದು. ಊದಿದೆಯೋ ಇಲ್ಲವೋ ಎಂದು ಮುಟ್ಟಿ ನೋಡಲೂ ಅವಳಿಗೆ ಧೈರ್ಯವಾಗಲಿಲ್ಲ. ಸೊರಬದ ಕಡೆಯ ತಮ್ಮ ಮಹಾಂತೇಶನಿಗೆ ಫೋನು ಮಾಡಿದಳು. ಗೌರಿಯದೇ ಬಣ್ಣ, ಗೌರಿಯದೇ ಕೋಡಿನ ಅದರ ತಂಗಿ ಕೆಂಪಿಯನ್ನು ಅವನು ಗೂಡ್ಸ್ ಆಟೋದಲ್ಲಿ ಇಳಿಸಿದ. ಗೌರಿ ಹಿತ್ತಲಿನ ಹುಲ್ಲುಬಣವೆಯ ಹಿಂದೆ ಹೋಯಿತು.

ನಿಂಗಮ್ಮ ಗಂಡನ ರೇಜರಿನಿಂದ ಕೆಂಪಿಯ ಕುತ್ತಿಗೆ ಬೋಳಿಸಿದಳು. ಎರಡು ಕಡೆ ಗಾಯವಾಯಿತು. ಅದಕ್ಕೆ ಅರಿಶಿನ ಸುಣ್ಣ ಮೆತ್ತಿದಳು. ಕಿವಿಯ ಹಳದಿ ಬಿಲ್ಲೆಯ ನಂಬರು ಕಾಣದಂತೆ ಬಟ್ಟೆ ಸುತ್ತಿದಳು.

ಮೂರನೆಯ ದಿನ ಡಾಕ್ಟರು ಬಂದರು.

"ಕಿವಿಗೇನಾತು?"

"ಸೋರ್ತೈತ್ರೀ."

ಡಾಕ್ಟರು ಕುತ್ತಿಗೆ ಮುಟ್ಟಿದರು. ನಿಂಬೆಹಣ್ಣಿನಷ್ಟು ಗಂಟು.

"ಊದೇತಲ್ರೀ ನಿಂಗಮ್ಮ. ಇವತ್ತೇ ಇದನ್ನ ಬೇರೆ ಕಟ್ರಿ."

ಕೊಟ್ಟಿಗೆಯ ಬಾಗಿಲಲ್ಲಿ ನಿಂತಿದ್ದ ಮಹಾಂತೇಶ ಒಳಗೇ ಬಂದ. "ಅದ್ಯಾಕೆ ಬೇರೆ ಕಟ್ಟೋದು? ನಮ್ಮ ಕೆಂಪಿ ಕಲ್ಲುಗುಂಡಿನಂಗಿದೆ. ಕೆಮ್ಮೋದು ಬಣವೆ ಹಿಂದಿದೆ. ಹೇಳೇ ಅಕ್ಕ, ಇಲ್ಲಾ ನಾನೇ ಹೇಳ್ತೀನಿ."

ಅವನು ಹೇಳಬೇಕಾಗಲಿಲ್ಲ. ಬಣವೆಯ ಹಿಂದಿನಿಂದ ಗೌರಿ ಎರಡು ಸಲ ಕೆಮ್ಮಿತು.

ನಿಂಗಮ್ಮ ಸೆರಗಿನ ತುದಿ ಬಾಯಿಗೆ ಒತ್ತಿಕೊಂಡು, ಡಾಕ್ಟರನ್ನು ಹಿತ್ತಲಿಗೆ ಕರೆದೊಯ್ದಳು. ಅವರು ಗೌರಿಯ ಚರ್ಮವನ್ನು ಅಳತೆಯ ಇಕ್ಕಳದಲ್ಲಿ ಹಿಡಿದರು, ಇನ್ನೊಮ್ಮೆ ಹಿಡಿದರು.

"ಊತ ಒಂಚೂರೂ ಇಲ್ಲ. ಗೌರಿ ಪಾಸು. ಕೆಮ್ಮು ದಿನಾ ತಿನ್ನೋ ಈ ಬಣವೆ ಹುಲ್ಲಿನ ಧೂಳಿಂದು, ಔಷಧ ಕೊಡ್ತೀನಿ. ಆ ಇನ್ನೊಂದಕ್ಕೆ ಏನ್ರೀ ಮಾಡೀರಿ?"

"ಏನಿಲ್ರೀ, ನಮ್ಮನೆಯವ್ರ ರೇಜರು... ಮ್ಯಾಲೆ ಸುಣ್ಣ."

ಡಾಕ್ಟರು ನಗು ನುಂಗಿ ಕೆಂಪಿಗೆ ಮುಲಾಮು ಹಚ್ಚಿದರು. "ಪರೀಕ್ಷೆ ಇಲ್ದೇ ಫೇಲಾದ ಹಸು ಇದೊಂದೇ."

ಜಗಲಿಯಲ್ಲಿ ಚಹಾ ಕುಡಿಯುತ್ತ ಎಲ್ಲವನ್ನೂ ಕೇಳಿಸಿಕೊಂಡ ಗಂಡ ಉಜ್ಜಪ್ಪ ಲೋಟ ಕೆಳಗಿಟ್ಟ. ಆಗಷ್ಟೇ ನುಣ್ಣಗೆ ಬೋಳಿಸಿಕೊಂಡಿದ್ದ ಗಲ್ಲವನ್ನು ಮೆಲ್ಲಗೆ ಸವರಿಕೊಂಡ.

"ಡಾಕ್ಟ್ರೇ, ಮೂರು ದಿನ ಬಿಟ್ಟು ನನ್ನೂ ಒಂದ್ಸಲ ಮುಟ್ಟಿ ನೋಡ್ರಿ."