ಸಮಾಧಾನಕ್ಕೆ ಬಂದ ಸಾಹೇಬರು

"ಏ ಚಂದಿ, ಈಗೇ ಅತ್ತು ಖಾಲಿ ಮಾಡಬ್ಯಾಡ. ಸಾಹೇಬ್ರು ಬಂದಮ್ಯಾಲ ಅಳು. ಆವಾಗ ಕಣ್ಣಾಗ ನೀರಿಲ್ಲಂದ್ರ ಊರ ಮರ್ಯಾದಿ ಹೋಗ್ತದ."

ಹೀಗೆಂದವನು ಗುರುಪಾದಗೌಡ. ಕಮಲಾಪುರದ ಕೆಂಪು ಬಾಳೆಯ ತೋಟಗಳಲ್ಲಿ ದೊಡ್ಡದು ಅವನದು. ಆ ತೋಟದ ಗೊನೆ ಹೊತ್ತು ಹೊತ್ತು ಚಂದಮ್ಮನ ಒಂದು ಹೆಗಲು ಇನ್ನೊಂದಕ್ಕಿಂತ ತಗ್ಗಾಗಿತ್ತು. ಇಷ್ಟು ವರ್ಷದಲ್ಲಿ ಗೌಡ ಒಮ್ಮೆಯೂ ಕೇರಿಯೊಳಗೆ ಕಾಲಿಟ್ಟವನಲ್ಲ. ಇವತ್ತು ಮಾತ್ರ ಬೆಳಗಿನಿಂದ ಅವಳ ಮನೆಯಲ್ಲೇ ಬೀಡುಬಿಟ್ಟಿದ್ದ. ಬಾಗಿಲು ಎಷ್ಟು ತಗ್ಗೆಂಬುದು ತಿಳಿಯದೆ ಬಂದಾಗೊಮ್ಮೆ ಹೋದಾಗೊಮ್ಮೆ ಹಣೆ ಬಡಿಸಿಕೊಳ್ಳುತ್ತಿದ್ದ. "ಭಾಡಕೋ, ಇದೇನ್ ಬಾಗಲೋ ಕೋಳಿ ಗೂಡೋ?" ಎಂದು ಬಾಗಿಲಿಗೇ ಬೈಯುತ್ತಿದ್ದ. ಬಾಯಾರಿದರೆ ಕುಡಿಯಲು ಬಾಟಲಿ ನೀರು ಮನೆಯಿಂದಲೇ ತಂದಿದ್ದ.

ಚಂದಮ್ಮನ ಹಿರಿಯ ಮಗ ಹಣಮಂತ ಸೈನ್ಯದಲ್ಲಿದ್ದ. ಗಡಿಯ ಹಿಮದ ದಾರಿಯಲ್ಲಿ ಗಾಡಿ ಉರುಳಿ ತೀರಿಕೊಂಡ. ಹೆಣ ಮೊದಲು ಕಲಬುರಗಿಗೆ ಬಂತು. ಅಲ್ಲಿಯ ಮೈದಾನದಲ್ಲಿ ದೊಡ್ಡವರೆಲ್ಲ ಪಾಳಿಯಲ್ಲಿ ನಿಂತು ಪೆಟ್ಟಿಗೆಯ ಮೇಲೆ ಹೂವಿನ ಚಕ್ರ ಇಟ್ಟರು. ಇಟ್ಟವರ ಹೆಸರು ಬರೆದ ಪಟ್ಟಿ ಪ್ರತಿ ಚಕ್ರದ ಮೇಲೂ ಇತ್ತು. "ಏನ್ ಬರದಾರೋ?" ಎಂದು ಚಂದಮ್ಮ ಕೇಳಿದಾಗ ಕಿರಿಯ ಮಗ ಅಂಬಾರಾಯ ಒಂದೊಂದೇ ಓದಿ ಹೇಳಿದ. ಎಲ್ಲ ಓದಿ ಮುಗಿಸಿದರೂ ಹಣಮಂತನ ಹೆಸರು ಬರಲಿಲ್ಲ.

ಆ ದಿನ ಮಂತ್ರಿ ಸಾಹೇಬರು ಬೇರೆ ಊರಲ್ಲಿದ್ದರು. ಅವರ ಚಕ್ರವೊಂದು ತಪ್ಪಿಹೋಗಿತ್ತು. ಅದಕ್ಕೇ ಇವತ್ತು ಮನೆಗೇ ಬಂದು ಸಮಾಧಾನ ಹೇಳುವುದೆಂದು ನಿಶ್ಚಯವಾಗಿತ್ತು. ನಿನ್ನೆಯೇ ಕೇರಿಯ ಕೆಸರಿಗೆ ಮುರಂ ಬಿತ್ತು. ಬೆಳಿಗ್ಗೆ ಕಲಬುರಗಿಯಿಂದ ಟೆಂಪೋದಲ್ಲಿ ಬಾಡಿಗೆಯ ಸೋಫಾ ಬಂತು. ಅಡ್ಡ ಹಿಡಿದರು, ಉದ್ದ ಹಿಡಿದರು, ತಲೆಕೆಳಗು ಮಾಡಿದರು, ಒಳಗೆ ಹೋಗಲೊಲ್ಲದು. ಗೌಡ ತನ್ನ ಹಣೆ ಸವರಿಕೊಂಡು, "ಕೀಳ್ರೋ ಆ ಬಾಗಲಾ!" ಎಂದ. ಚೌಕಟ್ಟು ಸಮೇತ ಕಿತ್ತು ಹಿತ್ತಲಿಗೆ ಎಸೆದರು. ಸೋಫಾ ಒಳಗೆ ಹೋದ ಮೇಲೆ ಮನೆಯಲ್ಲಿ ಮನೆಯವರಿಗೆ ಜಾಗ ಉಳಿಯಲಿಲ್ಲ. ಚಂದಮ್ಮ ಒಲೆಯ ಪಕ್ಕಕ್ಕೆ ಸರಿದು ಕೂತಳು. ಅವಳು ಒಲೆ ಹಚ್ಚಿ ದಿನಗಳೇ ಆಗಿದ್ದವು. ಗೋಡೆಯಾಚೆಯ ಖುರ್ಷೀದ್ ಬೇಗಂ ದಿನಾ ರೊಟ್ಟಿ ತಂದು, ಬೈದು ಬೈದು ತಿನ್ನಿಸುತ್ತಿದ್ದಳು.

ಸಾಹೇಬರ ಆಪ್ತ ಸಹಾಯಕ ಸುಮಧ್ವ ಮುಂಚಿತವಾಗಿ ಬಂದ. ಮಾತು ಬಹಳ ಮೆತ್ತಗೆ. ಚಂದಮ್ಮನೆದುರು ಕುಕ್ಕರಗಾಲಲ್ಲಿ ಕೂತ.

"ಅಮ್ಮಾ, ಸಾಹೇಬ್ರು ನಿಮ್ಮ ಕೈ ಹಿಡೀತಾರ್ರಿ. ಆವಾಗ ನೀವು, 'ಒಬ್ಬ ಮಗ ಹೋದ್ರೇನಾಯ್ತು, ಇನ್ನೊಬ್ಬ ಮಗನ್ನೂ ದೇಶಕ್ಕ ಕೊಡ್ತೀನಿ' ಅನ್ಬೇಕು. ಅಷ್ಟೇ. ಸಣ್ಣ ಮಾತು."

"ಮಾತು ಸಣ್ಣದೇ ಅದರಿ," ಎಂದಳು ಚಂದಮ್ಮ. "ಆದ್ರ ನನ್ಹತ್ರ ಉಳದಿದ್ದು ಅವನೊಬ್ಬನೇ."

"ಬರೇ ಅನ್ನೋದಮ್ಮ. ಟಿವಿಯಾಗ ಚಂದ ಕಾಣ್ತದ."

ರೊಟ್ಟಿಯ ಬುಟ್ಟಿ ಹಿಡಿದು ನಿಂತಿದ್ದ ಖುರ್ಷೀದ್ ಬೇಗಂ ಕೇಳಿದಳು, "ಸಾಬ್, ನಿಮ್ಮ ಸಾಹೇಬ್ರಿಗಿ ಗಂಡು ಮಕ್ಕಳು ಎಷ್ಟು?"

"ಇಬ್ರು. ಒಬ್ರು ಪೆಟ್ರೋಲ್ ಪಂಪ್ ನೋಡ್ಕೋತಾರ, ಇನ್ನೊಬ್ರು ಕಲ್ಲಿನ ಕ್ರಷರ್."

"ಹಾಯ್ ಅಲ್ಲಾ! ಪಾಪ, ಇಬ್ರಿಗೂ ಪುರಸೊತ್ತಿಲ್ಲ."

ಸುಮಧ್ವ ಮೊಬೈಲಿಗೆ ಕರೆ ಬಂದಂತೆ ಮಾಡಿಕೊಂಡು ಹೊರಗೆ ಹೋದ. ಅಲ್ಲಿಂದಲೇ ಸುದ್ದಿ ಕೊಡತೊಡಗಿದ. "ಹೊರಟಾರ!" ಎಂದರೆ ಗೌಡ ಒಳಗೆ ಬಗ್ಗಿ, "ಚಂದಿ, ಚಾಲೂ ಮಾಡು," ಎನ್ನುವನು. "ಇಲ್ಲ, ಊಟಕ್ಕ ಕೂತಾರ," ಎಂದರೆ, "ಬಂದ್ ಮಾಡು, ಬಂದ್ ಮಾಡು," ಎನ್ನುವನು. ಚಂದಮ್ಮನಿಗೆ ಅಳು ಬಂದದ್ದು ಇವರಿಬ್ಬರ ಲೆಕ್ಕಕ್ಕೆ ಸಿಗದಂತೆ. ಒಲೆಯ ಮೇಲಿನ ಗೂಡಿನಲ್ಲಿ ಹಣಮಂತನ ಎಣ್ಣೆ ಮೆತ್ತಿದ ಬಾಚಣಿಕೆ ಕಂಡು ಅಳು ಬಂತು, ಆ ಹೊತ್ತಿಗೆ ಯಾರೂ ಅವಳ ಕಡೆ ನೋಡುತ್ತಿರಲಿಲ್ಲ.

ಕೊನೆಗೂ "ಕಪನೂರ ದಾಟ್ಯಾರ!" ಎಂಬ ಸುದ್ದಿ ಬಂತು. ಅರ್ಧ ಗಂಟೆಯ ಮೇಲೆ ಸೈರನ್ನು.

ಸಾಹೇಬರು ಬಾಗಿಲಿಲ್ಲದ ಬಾಗಿಲಿನಿಂದ ಒಳಗೆ ಬಂದರು. ಹಿಂದೆ ಕ್ಯಾಮೆರಾಗಳು ಬಂದವು. ಸೋಫಾದ ಮೇಲೆ ಕೂತು ಚಂದಮ್ಮನ ಕೈ ಹಿಡಿದರು. ಬೆಳಕು ಸಾಲದೆಂದು ಕ್ಯಾಮೆರಾದವನು ಅಂದಾಗ ಆ ಕೈ ಬಿಟ್ಟು ಇನ್ನೊಂದು ಕೈ ಹಿಡಿದರು.

"ನಿನ್ನ ಮಗ ಎದೆಗೆ ಗುಂಡು ತಗೊಂಡ ವೀರ, ತಾಯಿ!"

"ಇಲ್ರಿ, ಗಾಡಿ ಬಿತ್ತರಿ."

ಸಾಹೇಬರು ಸುಮಧ್ವನ ಕಡೆ ನೋಡಿದರು. ಸುಮಧ್ವ ನೆಲ ನೋಡಿದ.

"ಗುಂಡು ತಗೊಳ್ಳಾಕಂತನೇ ಆ ಗಾಡಿ ಹತ್ತಿದ್ದ ಅಲ್ಲೇನು?" ಎಂದು ಸಾಹೇಬರು ಸಂಭಾಳಿಸಿಕೊಂಡರು. ಆಮೇಲೆ ಸುಮ್ಮನೆ ಕಾದರು. ಸುಮಧ್ವ ತುಟಿ ಅಲ್ಲಾಡಿಸಿ ತೋರಿಸಿದ. ಗೌಡ ಕೆಮ್ಮಿದ. ಚಂದಮ್ಮ ಬಾಯಿ ತೆರೆಯಲಿಲ್ಲ. ಕ್ಯಾಮೆರಾಗಳು ಅವಳ ಬಾಯನ್ನೇ ನೋಡುತ್ತಿದ್ದವು.

ಸಾಹೇಬರು ರಾಜಕೀಯದಲ್ಲಿ ಹಣ್ಣಾದವರು. ಅವಳ ಬಾಯಿಯ ಹತ್ತಿರ ಕಿವಿ ಒಯ್ದು, ತಲೆದೂಗಿ, ಕ್ಯಾಮೆರಾಗಳ ಕಡೆ ತಿರುಗಿದರು.

"ಈ ತಾಯಿ ನನ್ನ ಕಿವಿಯಲ್ಲಿ ಏನು ಹೇಳಿದಳು ಗೊತ್ತೇನು? ಇನ್ನೊಬ್ಬ ಮಗನನ್ನೂ ದೇಶಕ್ಕೆ ಕೊಡುತ್ತೇನೆ ಎಂದಳು!"

ಚಪ್ಪಾಳೆ ಬಿತ್ತು. ಸಾಹೇಬರು ಅಂಬಾರಾಯನ ಹೆಗಲ ಮೇಲೆ ಕೈ ಹಾಕಿದರು. "ಯಾವಾಗ ಹೊರಡ್ತಿ, ಸಿಂಹ?"

"ಸೋಮವಾರ ಹೋಗ್ತೀನ್ರಿ," ಎಂದ ಅಂಬಾರಾಯ. "ಕಪನೂರಿಗಿ. ಅಲ್ಲಿ ದಾಲ್ ಮಿಲ್ಲಿನಾಗ ಕೆಲಸಕ್ಕ ಇದ್ದೀನ್ರಿ."

"ಇವನ ಧೈರ್ಯ ಸಂಜೆ ಕಲಬುರಗಿ ಸಭೆಯಲ್ಲಿ ಎಲ್ಲರೂ ನೋಡಲಿ!" ಎಂದು ಸಾಹೇಬರು ಎದ್ದೇಬಿಟ್ಟರು.

ಅಂಬಾರಾಯ "ರೀ, ರೀ" ಎನ್ನುತ್ತಿದ್ದಂತೆಯೇ ಯಾರೋ ಅವನ ಅಂಗಿ ಬಿಚ್ಚಿ ಗರಿಗರಿ ಬಿಳಿ ಅಂಗಿ ತೊಡಿಸಿದರು. ಗುಂಡಿ ಹಾಕಲೂ ಬಿಡದೆ ಹಿಂದಿನ ಸೀಟಿಗೆ, ಸಾಹೇಬರ ಮತ್ತು ಪೊಲೀಸನೊಬ್ಬನ ನಡುವೆ ತುರುಕಿದರು. ಮೈಮೇಲೆ ಎಚ್ಚರ ಬಂದಂತೆ ಚಂದಮ್ಮ ಹೊರಗೋಡಿ ಬಂದು ಕಾರಿಗೆ ಅಡ್ಡ ನಿಂತಳು.

"ನನ್ನ ಮಗನ್ನ ಇಳಸ್ರಿ."

ಸಾಹೇಬರು ಗಾಜು ಇಳಿಸಿ ನಕ್ಕರು. "ರಾತ್ರಿ ಒಳಗ ಕಳಸ್ತೀವಿ ತಾಯಿ. ಹ್ಯಾಂಗ ಹೋದ ಹಂಗೇ ಬರ್ತಾನ."

"ಹಣಮಂತನ್ನ ಕರಕೊಂಡ ಹೋದೋರೂ ಹಿಂಗೇ ಅಂದಿದ್ರು."

"ನಂಬಿಕಿಲ್ಲೇನು? ನಾನೇ ಕರಕೊಂಡು ಬರ್ತೀನಿ. ಈ ಮನೀಗಿ ನಾ ಮತ್ತ ಬರ್ತೀನಿ, ತಾಯಿ. ಇದು ನನ್ನ ಮಾತು!"

ಸಾವಿನ ಮನೆಯಿಂದ ಎದ್ದವರು 'ಬರ್ತೀನಿ' ಎನ್ನುವುದಿಲ್ಲ. ಸುಮ್ಮನೆ ಎದ್ದು ನಡೆದುಬಿಡುತ್ತಾರೆ. ಇಂಥ ಮನೆಗೆ ಮತ್ತೆ ಬರುವುದೆಂದರೆ ಮತ್ತೊಂದು ಹೆಣಕ್ಕೇ ಬರುವುದು. ಅದೂ ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಆಡಿದ ಮಾತು. ಮುದುಕಿಯೊಬ್ಬಳು ಥೂ ಥೂ ಎಂದು ಮೂರು ಸಲ ಉಗುಳಿದಳು.

"ನಿನ್ನ ಬಾಯಾಗ ಮಣ್ಣ ಹಾಕ!" ಎಂದು ಚಂದಮ್ಮ ಚೀರಿದಳು. 'ರೀ' ಎಂಬುದು ಅವಳ ಬಾಯಿಂದ ಎಲ್ಲಿ ಬಿದ್ದುಹೋಯಿತೋ ಅವಳಿಗೇ ಗೊತ್ತಾಗಲಿಲ್ಲ. "ಆ ಮಾತು ವಾಪಸ್ ತಗೋ. ಬರಲ್ಲ ಅನ್ನು!"

ಗೌಡ ಓಡಿ ಬಂದ. "ಏ ರಂಡೀ, ಯಾರ ಮುಂದ ಬಾಯಿ ಮಾಡ್ಲಾಕತ್ತಿ? ನಾಳಿಂದ ನನ್ನ ತ್ವಾಟಕ್ಕ ಬರಬ್ಯಾಡ!"

"ಬರಲ್ಲ," ಎಂದಳು ಚಂದಮ್ಮ. ಆಮೇಲೆ ಸಾಹೇಬರ ಕಡೆ ತಿರುಗಿ, "ಕೇಳಿದಿಲ್ಲ? ಹಿಂಗ ಅನ್ಬೇಕು. ಅನ್ನು," ಎಂದಳು.

ಸುಮಧ್ವ ಕಿಟಕಿಗೆ ಬಗ್ಗಿ ಪಿಸುಗುಟ್ಟಿದ, "ಅನ್ಬೇಕಾಗ್ತದ ಸರ್. ಸತ್ತ ಮನ್ಯಾಗ 'ಬರ್ತೀನಿ' ಅಂತ ನಮ್ಮ ಮನ್ಯಾಗೂ ಅನ್ನಂಗಿಲ್ಲ."

"ಕ್ಯಾಮೆರಾ?"

"ಚಾಲೂ ಅವ ಸರ್."

ಸಾಹೇಬರು ಊರೂರಲ್ಲೂ 'ಮತ್ತೆ ಬರ್ತೀನಿ' ಎಂದು ಹೇಳಿ, ಆಮೇಲೆ ಅತ್ತ ಸುಳಿಯದೇ ಇದ್ದವರು. ಬರುವುದಿಲ್ಲ ಎಂದು ಯಾವ ಊರಲ್ಲೂ ಹೇಳಿದವರಲ್ಲ. ಆ ಮಾತಿಗೆ ನಾಲಿಗೆ ಹೊರಳದು. "ಬರೂದು... ಅದು... ಮುಂದ ನೋಡೂಣ..." ಎಂದರು.

"ನೋಡೂಣ ಅಲ್ಲ!" ಎಂದಿತು ಕೇರಿ.

"ಪೂರಾ ಬೋಲೋ ಸಾಬ್," ಎಂದಳು ಖುರ್ಷೀದ್ ಬೇಗಂ. "ಸಣ್ಣ ಮಾತು."

ಸಾಹೇಬರು ಕಣ್ಣು ಮುಚ್ಚಿಕೊಂಡು, ರೂಢಿಯಂತೆ ವೇದಿಕೆಯ ಕನ್ನಡದಲ್ಲೇ ಕೂಗಿದರು, "ನಾನು ಈ ಮನೆಗೆ ಮತ್ತೆ ಬರುವುದಿಲ್ಲ!"

ಅಂಥ ಚಪ್ಪಾಳೆ ಅವರಿಗೆ ಅನೇಕ ವರ್ಷಗಳಿಂದ ಬಿದ್ದಿರಲಿಲ್ಲ. ಶಿಳ್ಳೆಯೂ ಬಂತು. ತಮಗೆ ತಿಳಿಯದೆಯೇ ಅವರ ಕೈ ಮೇಲೆದ್ದು ಜನಕ್ಕೆ ನಮಸ್ಕಾರ ಮಾಡಿತು.

"ಆಯ್ತಲ್ಲ ತಾಯಿ, ದಾರಿ ಬಿಡು."

"ಮಗ?"

ಗಾಜು ಮೇಲೇರಿತು. ಚಂದಮ್ಮ ಹೊಸ ಮುರಮಿನ ಮೇಲೆ, ಕಾರಿನ ಮೂತಿಗೆ ಎದುರಾಗಿ ಕಾಲು ಚಾಚಿ ಕೂತಳು. ಖುರ್ಷೀದ್ ಬೇಗಂ, "ಸರಕ್ ಗೇ," ಎಂದು ಅವಳನ್ನು ಸರಿಸಿ ಪಕ್ಕದಲ್ಲಿ ಕೂತಳು. ಗೊನೆ ಹೊರುವ ಹೆಂಗಸರು ಒಬ್ಬೊಬ್ಬರಾಗಿ ಸೀರೆ ಎತ್ತಿ ಕಟ್ಟಿ ಕೂತರು. ಗೌಡನಿಗೆ ನಾಳೆ ತೋಟಕ್ಕೆ ಯಾರನ್ನು ಬೇಡವೆನ್ನಬೇಕೋ ತಿಳಿಯಲಿಲ್ಲ. ಡ್ರೈವರ್ ಕನ್ನಡಿಯಲ್ಲಿ ಸಾಹೇಬರ ಮುಖ ನೋಡಿ ಇಂಜಿನ್ ಬಂದ್ ಮಾಡಿದ.

ಸ್ವಲ್ಪ ಹೊತ್ತಿಗೆ, ಒಳಗೆ ಸೆಕೆ ತಡೆಯಲಾರದೆ ಸಾಹೇಬರು ಗಾಜು ಪೂರಾ ಇಳಿಸಿದರು. ಆ ಗಾಜಿನಿಂದ ಮೊದಲು ಅಂಬಾರಾಯನ ತಲೆ ಹೊರಬಂತು, ಆಮೇಲೆ ಹೆಗಲು. ಅವನ ಮೊಣಕಾಲು ಸಾಹೇಬರ ಹೊಟ್ಟೆಯ ಮೇಲಿತ್ತು. ಪೊಲೀಸ ಹಿಂದಿನಿಂದ ಅಂಗಿ ಹಿಡಿದೆಳೆದ. ಗುಂಡಿ ಹಾಕದ ಅಂಗಿ ಅವನ ಕೈಯಲ್ಲೇ ಉಳಿಯಿತು. ಬನಿಯನ್ನಿನಲ್ಲಿ ನೆಲಕ್ಕೆ ಬಿದ್ದ ಅಂಬಾರಾಯ ಮಣ್ಣು ಕೊಡವಿಕೊಂಡು ಬಂದು ಅವ್ವನ ಕೈ ಹಿಡಿದ.

"ಬಂದ್ನಲ್ಲ ಯವ್ವಾ. ಏಳು, ಮನೀಗಿ ಹೋಗಮು."

"ತಡಿಯೋ," ಎಂದಳು ಚಂದಮ್ಮ. ಅವನನ್ನು ಕೆಳಗೆಳೆದು ಪಕ್ಕದಲ್ಲಿ ಕೂರಿಸಿಕೊಂಡಳು. "ನಾ ಕಿವ್ಯಾಗ ಏನೋ ಅಂದೆ ಅಂದನಲ್ಲ, ಅದನ್ನ ಇನ್ನಾ ವಾಪಸ್ ತಗೊಂಡಿಲ್ಲ."