ಬೆನ್ನಿನ ಕಣ್ಣು ಕಂಡದ್ದು

ಬೆನ್ನಲ್ಲೂ ಕಣ್ಣಿದ್ದ ರಾಣಿಯ ಕಥೆಯನ್ನು ಅಜ್ಜಿ ಹೇಳುತ್ತಿದ್ದಳು. ಕಳ್ಳಹೆಜ್ಜೆಯಲ್ಲಿ ಬಂದ ಶತ್ರುವನ್ನು ರಾಣಿ ತಿರುಗಿಯೂ ನೋಡದೆ ಹಿಡಿಯುತ್ತಿದ್ದಳಂತೆ. ಅಕ್ಕ ತನ್ನ ಸೈಕಲ್ ಸೀಟಿನ ಕೆಳಗೆ, ಹಿಂದಿನಿಂದ ಬರುವ ಗಾಡಿಯನ್ನು ಗುರುತಿಸುವ ರಾಡಾರ್ ಲೈಟ್ ಹಾಕಿಸಿದಾಗ ನಾನು ಅದಕ್ಕೆ ರಾಣಿ ಎಂದೇ ಹೆಸರಿಟ್ಟೆ.

ರಾಣಿ ಇದ್ದೂ ಅಕ್ಕನ ಕಾಲು ಮುರಿಯಿತು. ನಾವಿಬ್ಬರೂ ದುಡಿಯುವ ಲಾಂಡ್ರಿಯ ವ್ಯಾನ್ ಡ್ರೈವರೇ ಮುಸ್ಸಂಜೆ ಹೊತ್ತು ರಸ್ತೆಯ ತಿರುವಿನಲ್ಲಿ ಹಿಂದಿನಿಂದ ಗುದ್ದಿದ್ದ. ಲೈಟಿನ ಬ್ಯಾಟರಿ ಸತ್ತಿತ್ತು, ಸೈಕಲ್ ಕಾಣಲೇ ಇಲ್ಲ ಎಂದು ಸಾಧಿಸಿದ. ನಾನು ಲೈಟ್ ಉರಿಸಿ ತೋರಿಸಿದರೆ ಮ್ಯಾನೇಜರ್, "ಆಮೇಲೆ ಚಾರ್ಜ್ ಮಾಡಿರ್ತೀಯ" ಎಂದರು. ಅಕ್ಕನೂ ಬ್ಯಾಟರಿ ಸತ್ತಿತ್ತೆಂದೇ ನಂಬಿದಳು.

"ಚಾರ್ಜಿಗೆ ಹಾಕೋದು ನಾನೇ ಮರ್ತಿದ್ದೆ ಕಣೆ. ನನ್ನ ಸಮಾಧಾನಕ್ಕೆ ಕಥೆ ಕಟ್ಬೇಡ," ಎಂದು ಗೋಡೆಯ ಕಡೆ ಮುಖ ಮಾಡಿದಳು.

ಅಂದಿನಿಂದ ನಾನು ಇಸ್ತ್ರಿ ಮಾಡಿದ್ದು ಬೆಡ್‌ಶೀಟನ್ನಲ್ಲ, ಆ ಡ್ರೈವರನ ಮುಖವನ್ನು. ಮಡಿಕೆ ಮಡಿಕೆಗೂ ಹಬೆ ಬಿಟ್ಟು.

ಒಂದು ದಿನ ಟೀ ಹೊತ್ತಿನಲ್ಲಿ ಪ್ಯಾಕಿಂಗ್ ಮಾಡುವ ಹೆಂಗಸು ಅವನನ್ನು ಕೆಣಕಿದಳು. "ನಿಜ ಹೇಳೋ, ಲೈಟ್ ಪೂರ್ತಿ ಸತ್ತಿತ್ತಾ?"

"ಸಾಯ್ತಾ ಇತ್ತು ಕಣಕ್ಕಾ. ಕೊನೇ ಉಸಿರಲ್ಲಿ ಪಟಪಟ ಅಂತ ಬಡ್ಕೊಳ್ತು, ಆಮೇಲೆ ಗೊಟಕ್." ಬೆರಳು ಪಟಪಟಿಸಿ ತೋರಿಸಿದ. ಎಲ್ಲರೂ ನಕ್ಕರು. ನನ್ನ ನಗು ಸ್ವಲ್ಪ ಹೆಚ್ಚು ಹೊತ್ತೇ ಉಳಿಯಿತು.

"ಎಷ್ಟ್ ಚೆನ್ನಾಗಿ ಮಾಡ್ತೀರಣ್ಣಾ. ಮ್ಯಾನೇಜರ್ ಸಾರ್‌ಗೂ ತೋರ್ಸಿ ಬನ್ನಿ," ಎಂದೆ.

ಉಬ್ಬಿಹೋದವನು ಮ್ಯಾನೇಜರ್ ಮುಂದೆಯೂ ಬೆರಳು ಪಟಪಟಿಸಿದ. ಹಿಂದೆಯೇ ಹೋದ ನಾನು ಚೀಲದಿಂದ ರಾಣಿಯನ್ನು ತೆಗೆದು ಕಿಟಕಿಯಲ್ಲಿ ರಸ್ತೆಗೆ ಮುಖಮಾಡಿ ಇಟ್ಟೆ. ಕೆಂಪು ದೀಪ ನಿಧಾನ ಮಿಟುಕುತ್ತಿತ್ತು. ಒಂದು ಲಾರಿ ನಮ್ಮ ಕಡೆಗೆ ರಭಸದಿಂದ ಬಂತು. ದೀಪ ಪಟಪಟ ಬಡಿದುಕೊಂಡಿತು. ಲಾರಿ ದಾಟಿದ ಮೇಲೆ ಮತ್ತೆ ನಿಧಾನ.

"ಬ್ಯಾಟ್ರಿ ಮುಗಿದ್ರೆ ಇದು ಸುಮ್ನೆ ಆರುತ್ತೆ ಸಾರ್. ಹೀಗೆ ಬಡ್ಕೊಳ್ಳೋದು ಹಿಂದಿಂದ ನುಗ್ಗೋ ಗಾಡಿ ಕಂಡಾಗ ಮಾತ್ರ." ಅವನ ಕಡೆ ತಿರುಗಿದೆ. "ಇದು ನಿಮ್ಮನ್ನ ನೋಡಿತ್ತಣ್ಣಾ. ನೀವೂ ಇದನ್ನ ನೋಡಿದ್ರಿ."

ಅವನ ಬೆರಳುಗಳು ಇನ್ನೂ ಗಾಳಿಯಲ್ಲೇ ಇದ್ದವು. ಮ್ಯಾನೇಜರ್ ವ್ಯಾನಿನ ಬೀಗದ ಕೈ ವಾಪಸ್ ಕೇಳಿ ಕೈ ಚಾಚಿದರು.

"ತಂಗೀ, ನೀನಾದ್ರೂ ಹೇಳಮ್ಮ. ನಾಳೆಯಿಂದ ನಾನು ಏನ್ ಮಾಡ್ಲಿ?"

"ಅಕ್ಕನ ಸೈಕಲ್ ಖಾಲಿ ಇದೆ, ತಗೊಂಡ್ಹೋಗಿ. ಲೈಟ್ ಮಾತ್ರ ಕೊಡಲ್ಲ."

ಮನೆಯಲ್ಲಿ ಅಕ್ಕ ಗೋಡೆಯ ಕಡೆ ಮುಖ ಮಾಡಿಯೇ ಎಲ್ಲವನ್ನೂ ಕೇಳಿದಳು. ಆಮೇಲೆ ಗೋಡೆ ಬಿಟ್ಟು ನನ್ನ ಕಡೆ ಹೊರಳಿದಳು.

"ಅವ್ನು ಹೇಗ್ ಮಾಡ್ದ? ತೋರ್ಸು."

ಬೆರಳು ಪಟಪಟಿಸಿದೆ. ಪ್ಲಾಸ್ಟರಿನ ಕಾಲು ಹಿಡಿದುಕೊಂಡು ನಕ್ಕಳು.

"ಇನ್ನೊಂದ್ಸಲ ಮಾಡೆ."