ರೆಕ್ಕೆಯ ಪಾಠ

"ಆ ವಿಡಿಯೊನ ತೆಗ್ದುಬುಡಿ ವಾಗೀಶ. ಇವತ್ತೇ."

ಗಿರಿಜಾಂಬಾ ಕುಳಿತುಕೊಳ್ಳಲಿಲ್ಲ. ಗ್ರಂಥಾಲಯದಲ್ಲಿ ಬೇರೆ ಯಾರೂ ಇಲ್ಲವೆಂದು ನೋಡಿಕೊಂಡು, ಫೋನನ್ನು ಮೇಜಿನ ಮೇಲೆ ಮಗುಚಿಟ್ಟರು.

ವಾಗೀಶ ಕಾಲೇಜಿನ ಗ್ರಂಥಪಾಲಕ. ಅಧ್ಯಾಪಕರ ಪಾಠಗಳನ್ನು ವಿಡಿಯೊ ಮಾಡಿ, ಯಾರು ಬೇಕಾದರೂ ಪುಕ್ಕಟೆಯಾಗಿ ಇಳಿಸಿಕೊಂಡು ತಮ್ಮ ತರಗತಿಗೆ ತಕ್ಕಂತೆ ಬದಲಿಸಿ ಬಳಸಲೆಂದು ಅಂತರ್ಜಾಲಕ್ಕೆ ಹಾಕುತ್ತಿದ್ದ. ಅದಕ್ಕಾಗಿ ಒಬ್ಬೊಬ್ಬರನ್ನೂ ಕಾಡಿಬೇಡಿ ಒಪ್ಪಿಸಬೇಕಾಗಿತ್ತು. ಮೊದಲು ಒಪ್ಪಿದವರು ಭೌತಶಾಸ್ತ್ರದ ಗಿರಿಜಾಂಬಾ. ವಿಮಾನ ಹಾರುವುದು ಹೇಗೆ ಎಂಬ ಅವರ ಪಾಠಕ್ಕೆ ಬೇರೆ ವಿಭಾಗದ ಹುಡುಗರೂ ಬಂದು ಕೂರುತ್ತಿದ್ದರು. ಅವರು ಹೇಳುತ್ತಿದ್ದುದು ಇಷ್ಟು: ರೆಕ್ಕೆಗೆ ತಾಗಿದ ಗಾಳಿ ಅಕ್ಕತಂಗಿಯರ ಹಾಗೆ ಇಬ್ಭಾಗವಾಗುತ್ತದೆ. ಉಬ್ಬಿದ ಮೇಲ್ಭಾಗದಲ್ಲಿ ಹೋಗುವ ಅಕ್ಕನಿಗೆ ದಾರಿ ಉದ್ದ. ಆಚೆ ತುದಿಯಲ್ಲಿ ತಂಗಿಯನ್ನು ಸೇರಿಕೊಳ್ಳಲು ಅವಳು ಓಡಲೇಬೇಕು. ಆ ಓಟದಿಂದಲೇ ಮೇಲೆ ಒತ್ತಡ ಇಳಿದು ರೆಕ್ಕೆ ಏಳುತ್ತದೆ.

ವಿಡಿಯೊ ಮಾಡಿದ ದಿನ ಲಾಸ್ಯ ಎಂಬ ವಿದ್ಯಾರ್ಥಿನಿ ಎದ್ದು ನಿಂತಿದ್ದಳು. "ಇಬ್ರೂ ಒಟ್ಟಿಗೇ ಯಾಕೆ ತಲುಪಬೇಕು ಮೇಡಂ?"

"ನಿಮ್ಮನೇಲಿ ತಂಗೀನ ಬಿಟ್ಬುಟ್ಟು ಹೋಗ್ತೀಯೇನಮ್ಮ? ಕ್ಯಾಮೆರಾ ಇದೆ ಅಂತ ಏನೋ ಒಂದು ಕೇಳೋದಲ್ಲ. ಕೂತ್ಕೊ."

ತರಗತಿ ಗೊಳ್ಳೆಂದಿತ್ತು. ಆ ನಗುವೂ ವಿಡಿಯೊದಲ್ಲಿತ್ತು.

ಈಗ ಧಾರವಾಡದ ಅಧ್ಯಾಪಕರೊಬ್ಬರು ಅದರ ಕೆಳಗೆ ಬರೆದಿದ್ದರು: "ದಯವಿಟ್ಟು ತಪ್ಪು ತಿಳಿಯಬೇಡಿ. ಎರಡೂ ಗಾಳಿ ಒಂದೇ ಹೊತ್ತಿಗೆ ತಲುಪಬೇಕೆಂಬ ನಿಯಮವಿಲ್ಲ. ಆ ಹುಡುಗಿ ಕೇಳಿದ ಪ್ರಶ್ನೆಯೇ ಸರಿ." ಗಿರಿಜಾಂಬಾ ಭಾನುವಾರವಿಡೀ ಪುಸ್ತಕಗಳನ್ನು ತಿರುವಿಹಾಕಿದ್ದರು. ಆತ ಬರೆದದ್ದು ನಿಜವಾಗಿತ್ತು. ಮೇಲಿನ ಗಾಳಿ ಯಾರಿಗೂ ಕಾಯದೆ, ಕೆಳಗಿನದಕ್ಕಿಂತ ಮೊದಲೇ ಮುಟ್ಟಿಬಿಡುತ್ತಿತ್ತು. ಬೈದಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ಆ 'ದಯವಿಟ್ಟು' ಅವರನ್ನು ಸುಡುತ್ತಿತ್ತು.

"ತೆಗೀಬಹುದು ಮೇಡಂ," ಎಂದ ವಾಗೀಶ. "ಆದ್ರೆ ಆಗ್ಲೇ ಇಳಿಸ್ಕೊಂಡೋರಿದಾರೆ. ಬೀದರ್ ಕಡೆ ಒಂದು ಕಾಲೇಜ್ನೋರು ತಮ್ಮ ಪಾಠಕ್ಕೇ ಸೇರಿಸ್ಕೊಂಡಿದಾರೆ. ಅವ್ರನ್ನ ವಾಪಸ್ ಕೊಡಿ ಅನ್ನಕ್ಕಾಗಲ್ಲ. ಯಾರು ಬೇಕಾದ್ರೂ ಬಳಸ್ಲಿ ಅಂತ ಒಪ್ಪೇ ಕೊಟ್ಟಿರೋದು."

"ಧೈರ್ಯವಾಗಿ ಕೊಡಿ ಅಂದೋರು ನೀವೇ ಕಣ್ರೀ."

"ಹೂಂ ಮೇಡಂ." ಅವನು ತಲೆ ತಗ್ಗಿಸಿದ. "ಆ ನಗೂನ ಕತ್ತರಿಸಬಹುದಿತ್ತು. ಪಾಠ ಕಳೆಕಳೆಯಾಗಿರ್ಲಿ ಅಂತ ನಾನೇ ಬಿಟ್ಟೆ. ಸರಿ ಮಾಡಿ ಇನ್ನೊಂದು ಹಾಕೋಣ. ಹಳೇದ್ರ ಪಕ್ಕದಲ್ಲೇ ಇರ್ಲಿ."

ಮಧ್ಯಾಹ್ನ ಗಿರಿಜಾಂಬಾ ಲ್ಯಾಬಿನ ಬಾಗಿಲಲ್ಲಿ ಲಾಸ್ಯಳನ್ನು ನಿಲ್ಲಿಸಿಕೊಂಡರು. "ನಾಳೆ ಮತ್ತೆ ವಿಡಿಯೊ ಮಾಡ್ತೀವಮ್ಮ. ಅವತ್ತು ಕೇಳಿದ್ದನ್ನ ಇನ್ನೊಂದ್ಸಲ ಕೇಳ್ತೀಯಾ? ನಿಂದೇ ಸರಿ ಇತ್ತು."

"ಬೇಡ ಮೇಡಂ." ಲಾಸ್ಯ ಚೀಲದ ಪಟ್ಟಿಯನ್ನು ಬಿಗಿಯಾಗಿ ಹಿಡಿದಳು. "ವಿಡಿಯೊದಲ್ಲಿ ನಾನು ಬಂದಿದೀನಿ ಅಂತ ನಮ್ಮಪ್ಪ ಪೂರ್ತಿ ನೋಡೋಕ್ಮುಂಚೆನೇ ಕೆಸರೇಲಿರೋ ಅತ್ತೆ ಮನೆಯೋರಿಗೆಲ್ಲ ಕಳಿಸ್ಬುಟ್ಟಿದ್ರು. ಆಮೇಲೆ ನೋಡ್ಬುಟ್ಟು, ಮೇಡಂ ಹತ್ರ ತಲೆಹರಟೆ ಮಾಡ್ತೀಯಾ ಅಂತ..."

"ನಾನು ಬಂದು ನಿಮ್ಮಪ್ಪಂಗೆ ಹೇಳ್ಲಾ?"

"ಅಯ್ಯೋ, ಬೇಡ ಮೇಡಂ," ಎಂದಳು ಅವಳು, ಅವರನ್ನೇ ಸಮಾಧಾನಪಡಿಸುವವಳಂತೆ. "ಇನ್ಮೇಲೆ ನಾನು ಏನೂ ಕೇಳಲ್ಲ."

ಅವಳು ಮೆಟ್ಟಿಲಿಳಿದು ಹೋದಳು. ಗಿರಿಜಾಂಬಾ ಬಾಗಿಲನ್ನು ಹಿಡಿದುಕೊಂಡೇ ನಿಂತಿದ್ದರು.

ಮರುದಿನ ತರಗತಿಯಲ್ಲಿ ವಾಗೀಶ ಕ್ಯಾಮೆರಾ ಚಾಲೂ ಮಾಡಿ ಸನ್ನೆ ಮಾಡಿದ. "ಹೋದ ಸಲ ನಾನು ತಪ್ಪು ಹೇಳಿದ್ದೆ," ಎಂದರು ಗಿರಿಜಾಂಬಾ. "ನಮ್ಮ ತರಗತಿಯ ಲಾಸ್ಯ ಸರಿಯಾದ ಪ್ರಶ್ನೆ ಕೇಳಿದ್ದಳು. ನನಗೆ ಉತ್ತರ ಗೊತ್ತಿರಲಿಲ್ಲ. ಅದಕ್ಕೆ ಅವಳನ್ನ ನಗೆಪಾಟಲು ಮಾಡಿದೆ." ಈ ಸಲ ಯಾರೂ ನಗಲಿಲ್ಲ. ಅವರ ಕಿವಿಗಳು ಕೆಂಪಾಗಿದ್ದವು. ಕಪ್ಪುಹಲಗೆಯ ಕಡೆ ತಿರುಗಿ, ಏನನ್ನೂ ಬರೆಯದೆ ಮತ್ತೆ ಈಚೆ ತಿರುಗಿದರು.

"ಓಡೋ ಬಸ್ಸಿನ ಕಿಟಕಿಯಿಂದ ಕೈ ಆಚೆ ಹಾಕಿದೀರಿ ಅಂದ್ಕೊಳ್ಳಿ. ಅಂಗೈಯ ಮುಂದಿನ ಅಂಚನ್ನ ಸ್ವಲ್ಪ ಮೇಲೆತ್ತಿ. ಕೈ ಗಾಳಿಯನ್ನ ಕೆಳಕ್ಕೆ ತಳ್ಳುತ್ತೆ, ಗಾಳಿ ಕೈಯನ್ನ ಮೇಲಕ್ಕೆ."

ಸಾಲುಸಾಲಾಗಿ ಕೈಗಳು ಎದ್ದವು. ಲಾಸ್ಯ ಕೈ ಎತ್ತಲಿಲ್ಲ, ತಲೆಯನ್ನೂ ಎತ್ತಲಿಲ್ಲ. ಡೆಸ್ಕಿನ ಮೇಲಿದ್ದ ಅವಳ ಅಂಗೈಯ ಮುಂದಿನ ಅಂಚು ಮಾತ್ರ ಕೊಂಚ ಮೇಲೆದ್ದಿತ್ತು.